ಅಹೋರಾತ್ರಿಯ ಸವಾರಿ

ನಾಂದೇಡಿನಲ್ಲಿ ಮೊದಲಾಗಿ, ದೇಗಲೂರು, ಔರಾದ, ಸಂತಪುರಗಳ ಸೀಮೆಯನ್ನು ಹಾಯ್ದು, ಮಾಂಜ್ರಾ ನದಿಯನ್ನು ದಾಟಿ, ಬೀದರಿನ ಕೆಂಪು ಮಣ್ಣಿನ ಪ್ರಸ್ಥಭೂಮಿಯನ್ನೇರಿ, ಮುಂದೆ ಹುಮನಾಬಾದ, ಕಲಬುರಗಿ, ವಿಜಯಪುರ, ಹೊಸಪೇಟೆಗಳ ಮೂಲಕ ಚಿತ್ರದುರ್ಗದಲ್ಲಿ ಕೊನೆಗಾಣುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಸುಮಾರು 750 ಕಿಲೋಮೀಟರು ಉದ್ದದ್ದು. ಈ ಹಾದಿಯನ್ನು ಆದ್ಯಂತವಾಗಿ ಕ್ರಮಿಸಿ, ಅದೇ ಹಾದಿಯಲ್ಲಿ ಹಿಂದಿರುಗಿ, ಅದರ ಮೇಲೆ ಇನ್ನೂ ನೂರು ಕಿಲೋಮೀಟರು ಓಡಿದರೆ ಎಷ್ಟಾಗುವುದೋ ಅಷ್ಟು ದೂರವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಒಬ್ಬನೇ ಸವಾರನು ಒಂದೇ ಬೈಕಿನ ಮೇಲೆ ಕುಳಿತು ಪೂರೈಸಬೇಕೆಂಬುದು ದೀರ್ಘದೂರ ಸವಾರರ ಜಗತ್ತಿನಲ್ಲಿ ಮೊದಲನೆಯ ಮೆಟ್ಟಿಲೆಂದು ಮಾನ್ಯವಾಗಿರುವ ಅಳತೆ. ಸಂತಪುರದಿಂದ ಕನ್ಯಾಕುಮಾರಿಯೇ ಸುಮಾರು 1,400 ಕಿಲೋಮೀಟರು ದೂರವಿರುವುದರಿಂದ, ಮುಂಜಾನೆ ನಮ್ಮ ಎರೆಹೊಲಗಳ ನಡುವಿನಿಂದ ಹೊರಟವನು ಮರುದಿನದ ಮುಂಜಾನೆ ಸಮುದ್ರತೀರವನ್ನು ಮುಟ್ಟಿದರೂ ಈ ಅಳತೆಗೆ ಇನ್ನೂ ಇನ್ನೂರು ಕಿಲೋಮೀಟರು ಕಡಿಮೆಯೇ ಉಳಿಯುವುದೆಂದರೆ ಇದರ ಗಾತ್ರವು ಓದುಗರ ಮನಸ್ಸಿಗೆ ಬಂದೀತು. ಇಂತಹ ಸಾಹಸವು ಇಂದು ದೂರದ ದೇಶಗಳ ಸುದ್ದಿಯಾಗಿ ಉಳಿದಿಲ್ಲ. ನಮ್ಮ ಊರುಗಳ ತರುಣರೂ ಇದರ ಕಡೆಗೆ ಆಸೆಯಿಂದ ನೋಡುತ್ತಿದ್ದಾರೆ. ಆದುದರಿಂದ ಇದರ ಹುಟ್ಟನ್ನೂ ನಿಯಮಗಳನ್ನೂ, ದೇಹದ ಮೇಲೆ ಇದರಿಂದಾಗುವ ಪರಿಣಾಮವನ್ನೂ, ನಮ್ಮ ರಸ್ತೆಗಳಿಗೂ ಕಾಯಿದೆಗಳಿಗೂ ಇದಕ್ಕಿರುವ ಸಂಬಂಧವನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಮೋಟಾರ್‌ಸೈಕಲ್ಲು ಜನ್ಮವೆತ್ತಿದ ಕೆಲವೇ ದಶಕಗಳಲ್ಲಿ ಮನುಷ್ಯನು ಅದರ ಮೇಲೆ ದೂರವನ್ನು ಗೆಲ್ಲಲು ಹೊರಟನು. 1914ರಲ್ಲಿ ಎರ್ವಿನ್ ಬೇಕರ್ ಎಂಬ ಅಮೆರಿಕದ ಸವಾರನು ಇಂಡಿಯನ್ ಕಂಪನಿಯ ಬೈಕನ್ನೇರಿ, ಡಾಂಬರನ್ನೇ ಕಾಣದಿದ್ದ ಮಣ್ಣಿನ ಹಾದಿಗಳಲ್ಲಿ, ಪಶ್ಚಿಮ ತೀರದ ಸ್ಯಾನ್ ಡಿಯೆಗೋದಿಂದ ನ್ಯೂಯಾರ್ಕಿನವರೆಗೆ ಹನ್ನೊಂದೂವರೆ ದಿನಗಳಲ್ಲಿ ಕ್ರಮಿಸಿ ಪ್ರಖ್ಯಾತನಾದನು. ಈ ಹವ್ಯಾಸಕ್ಕೆ ನಿಯಮಬದ್ಧವಾದ ಸ್ವರೂಪ ಬಂದುದು ಬಹಳ ತಡವಾಗಿ. 1984ರಲ್ಲಿ ಐರನ್ ಬಟ್ ರ‍್ಯಾಲಿಯೆಂಬ ಹನ್ನೊಂದು ದಿನಗಳ, ಸುಮಾರು ಹನ್ನೊಂದು ಸಾವಿರ ಮೈಲುಗಳ ಸ್ಪರ್ಧೆಯು ಆ ದೇಶದಲ್ಲಿ ಆರಂಭವಾಯಿತು. ಅದರ ಬೆನ್ನಿಗೆ ಬೆಳೆದ ಐರನ್ ಬಟ್ ಅಸೋಸಿಯೇಷನ್ ಎಂಬ ಸಂಸ್ಥೆಯು ಸಾಮಾನ್ಯ ಸವಾರನೂ ಪ್ರಯತ್ನಿಸಬಹುದಾದ ಕೆಲವು ಅಳತೆಗಳನ್ನು ಗೊತ್ತುಮಾಡಿತು. 24 ಗಂಟೆಗಳಲ್ಲಿ 1,000 ಮೈಲು, ಎಂದರೆ 1,609 ಕಿಲೋಮೀಟರು ಓಡಿದರೆ ಸ್ಯಾಡಲ್ ಸೋರ್; 36 ಗಂಟೆಗಳಲ್ಲಿ 1,500 ಮೈಲು, ಎಂದರೆ 2,414 ಕಿಲೋಮೀಟರು ಓಡಿದರೆ ಬನ್ ಬರ್ನರ್; ಅದೇ 2,414 ಕಿಲೋಮೀಟರನ್ನು 24 ಗಂಟೆಗಳಲ್ಲಿಯೇ ಮುಗಿಸಿದವನಿಗೆ ಇನ್ನೂ ಮೇಲಿನ ಪದವಿ.

ಈ ಪದವಿಗಳು ಬಾಯಿಮಾತಿನಿಂದ ದೊರೆಯತಕ್ಕವಲ್ಲ. ಹೊರಡುವಾಗ ಸಾಕ್ಷಿಯೊಬ್ಬರು ಬೈಕಿನ ಮೀಟರಿನ ಅಂಕಿಯನ್ನೂ ವೇಳೆಯನ್ನೂ ಕಂಡು ಸಹಿ ಹಾಕಬೇಕು. ಮುಗಿಸಿದಾಗಲೂ ಅಂತೆಯೇ ಆಗಬೇಕು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ ಪ್ರತಿಯೊಂದು ಬಂಕಿನ ರಸೀದಿಯಲ್ಲಿಯೂ ಸ್ಥಳ, ದಿನಾಂಕ, ವೇಳೆಗಳು ಸ್ಪಷ್ಟವಾಗಿ ಮುದ್ರಿತವಾಗಿರಬೇಕು. ತಿರುವು ಪಡೆದ ಊರಿನಲ್ಲಿ ಒಂದು ರಸೀದಿ ಇರಲೇಬೇಕು. ಇವೆಲ್ಲವನ್ನೂ ನಕ್ಷೆಯೊಡನೆ ತಾಳೆ ನೋಡಿದ ಮೇಲೆಯೇ ಸಂಸ್ಥೆಯು ಪ್ರಮಾಣಪತ್ರವನ್ನು ಕಳುಹಿಸುತ್ತದೆ. ಸವಾರನೊಬ್ಬನು ತನ್ನ ಏಕಾಂತದ ಶ್ರಮಕ್ಕೆ ಇಷ್ಟು ನಿಷ್ಠುರವಾದ ಲೆಕ್ಕವನ್ನು ತಾನಾಗಿಯೇ ಒಪ್ಪಿಸುವುದರಲ್ಲಿ ಗೌರವಾರ್ಹವಾದ ಶಿಸ್ತೊಂದಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು.

ದೂರವನ್ನು ಕ್ರಮಿಸುವ ಪ್ರಶ್ನೆಯು ನಮ್ಮ ಬೀದರಿಗೆ ಹೊಸದೇನೂ ಅಲ್ಲ. ಹದಿನೈದನೆಯ ಶತಮಾನದಲ್ಲಿ, ಈ ಊರು ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ, ರಷ್ಯದ ತ್ವೇರ್ ಪಟ್ಟಣದಿಂದ ಹೊರಟ ಅಫನಾಸಿ ನಿಕಿಟಿನ್ ಎಂಬ ವರ್ತಕನು ಕಾಸ್ಪಿಯನ್ ಸಮುದ್ರವನ್ನೂ ಪರ್ಷಿಯ ದೇಶವನ್ನೂ ದಾಟಿ, ಹೊರ್ಮುಜಿನಿಂದ ಹಡಗಿನಲ್ಲಿ ಒಂದು ಕುದುರೆಯನ್ನು ತಂದು, ಚೌಲ, ಜುನ್ನರಗಳ ಮಾರ್ಗವಾಗಿ ಬೀದರಿಗೆ ಬಂದು ಅದನ್ನು ಮಾರಿದನು. ಆಳಂದದ ಜಾತ್ರೆಯಲ್ಲಿ ಕುದುರೆಗಳ ದೊಡ್ಡ ವ್ಯಾಪಾರ ನಡೆಯುತ್ತಿದ್ದುದನ್ನೂ ಬರೆದಿಟ್ಟನು. ವರುಷಗಟ್ಟಲೆ ತಿರುಗಿದ ಆ ಪ್ರವಾಸಿಯು ಹಿಂದಿರುಗುವಾಗ ತನ್ನ ಊರನ್ನು ಮುಟ್ಟುವ ಮೊದಲೇ ಸ್ಮೋಲೆನ್ಸ್ಕ್ ಸಮೀಪದಲ್ಲಿ ತೀರಿಕೊಂಡನು. ವೇಗದ ವಿಷಯಕ್ಕೆ ಬಂದರೆ, ಅವನಿಗೂ ನೂರು ವರ್ಷಗಳಿಗೆ ಹಿಂದೆ ದೆಹಲಿಯಲ್ಲಿದ್ದ ಇಬ್ನ್ ಬತೂತನು ಆ ಕಾಲದ ಟಪ್ಪಾಲಿನ ವ್ಯವಸ್ಥೆಯನ್ನು ವಿವರವಾಗಿ ವರ್ಣಿಸಿದ್ದಾನೆ. ಕುದುರೆಯ ಟಪ್ಪಾಲಿಗೆ ನಾಲ್ಕು ಮೈಲಿಗೊಂದು ಠಾಣೆ. ಕಾಲಾಳಿನ ಟಪ್ಪಾಲಿಗೆ ಮೈಲಿಗೆ ಮೂರು ಠಾಣೆ. ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು ಓಡಿಬಂದವನು ಸಿದ್ಧನಾಗಿ ನಿಂತಿದ್ದ ಇನ್ನೊಬ್ಬನ ಕೈಗೆ ಪತ್ರವನ್ನು ಕೊಟ್ಟು ನಿಲ್ಲುವನು. ಈ ಎರಡರಲ್ಲಿ ಹೆಚ್ಚು ವೇಗವಾಗಿದ್ದುದು ಕಾಲಾಳಿನ ಟಪ್ಪಾಲೆಂದು ಅವನು ಹೇಳುತ್ತಾನೆ.

ಈ ಮಾತಿನ ಒಳಗೆ ನಮ್ಮ ವಿಚಾರಕ್ಕೆ ಬೇಕಾದ ತತ್ತ್ವವೆಲ್ಲವೂ ಅಡಗಿದೆಯೆಂದು ನನ್ನ ಅಭಿಪ್ರಾಯ. ಒಂದೇ ದೇಹವನ್ನು ಹಿಂಡಿ ದೂರವನ್ನು ಗೆಲ್ಲಲಾಗದು, ದಣಿಯದ ದೇಹವು ದಣಿದ ದೇಹದ ಸ್ಥಾನಕ್ಕೆ ಬರುತ್ತಿದ್ದರೆ ಮಾತ್ರ ವೇಗವು ಉಳಿದುಕೊಳ್ಳುವುದು ಎಂಬುದನ್ನು ಆ ಕಾಲದವರು ಅನುಭವದಿಂದ ಅರಿತಿದ್ದರು. ಕುದುರೆಯ ಸವಾರನಿಗಾದರೂ ಒಂದು ರಕ್ಷಣೆಯಿತ್ತು. ಅವನಿಗಿಂತ ಮೊದಲು ಕುದುರೆ ದಣಿಯುತ್ತಿತ್ತು, ನೊರೆ ಕಾರಿ ನಿಲ್ಲುತ್ತಿತ್ತು, ಅದಕ್ಕೆ ನೀರು ಮೇವುಗಳನ್ನು ಒದಗಿಸುವ ಹೊತ್ತಿಗೆ ಸವಾರನ ಬೆನ್ನೂ ನೆಲವನ್ನು ಕಾಣುತ್ತಿತ್ತು. ನಮ್ಮ ಕಡೆಯ ಹಿರಿಯರು ಇಂದಿಗೂ ಫಟಫಟಿಯೆಂದು ಕರೆಯುವ ಈ ವಾಹನವು ದಣಿಯುವುದಿಲ್ಲ. ಪೆಟ್ರೋಲ್ ಹಾಕಿದರೆ ಮತ್ತೆ ಮುನ್ನೂರು ಕಿಲೋಮೀಟರು ಓಡಲು ಅದು ಸಿದ್ಧ. ನಿಲ್ಲೆಂದು ಸವಾರನಿಗೆ ಹೇಳುವವರು ಅವನ ವಿವೇಕವೊಂದರ ಹೊರತು ಬೇರಾರೂ ಇಲ್ಲ. ಆ ವಿವೇಕವಾದರೋ ನಿದ್ದೆಗೆಟ್ಟವನಲ್ಲಿ ಎಲ್ಲಕ್ಕಿಂತ ಮೊದಲು ಕುಂದುವಂತಹುದು.

ನಿದ್ರೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಈ ಹವ್ಯಾಸದ ಬಗ್ಗೆ ನಡೆಯುವ ಮಾತುಕತೆಗಳಲ್ಲಿ ಇಂಜಿನ್ನಿನ ಸಿ.ಸಿ., ಸೀಟಿನ ಮೆದುತನ, ಜಾಕೆಟ್ಟು ಹೆಲ್ಮೆಟ್ಟುಗಳ ಬೆಲೆ ಇವುಗಳಿಗೆ ದೊರೆಯುವ ಗಮನದ ದಶಾಂಶವೂ ನಿದ್ರೆಗೆ ದೊರೆಯುವುದಿಲ್ಲ. ಮನುಷ್ಯದೇಹದೊಳಗಿನ ಕಾಲಚಕ್ರವು ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನದ ಊಟದ ಅನಂತರ ಕೆಲವು ಗಂಟೆಗಳ ಕಾಲ, ಎಚ್ಚರವನ್ನು ಕೆಳಕ್ಕೆಳೆಯುತ್ತದೆ. ಆಗ ಕಣ್ಣು ತೆರೆದಿರುವಂತೆಯೇ ಮೆದುಳು ಎರಡು ಮೂರು ಕ್ಷಣಗಳ ಕಾಲ ನಿದ್ದೆಗೆ ಜಾರುವುದುಂಟು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಬೈಕು ಸೆಕೆಂಡಿಗೆ 22 ಮೀಟರು ಮುಂದುವರಿಯುತ್ತದೆ. ಮೂರು ಸೆಕೆಂಡುಗಳ ಜೊಂಪಿನಲ್ಲಿ ಸವಾರನು 66 ಮೀಟರು ದೂರವನ್ನು ಕುರುಡನಾಗಿ ದಾಟಿರುತ್ತಾನೆ. ಕಾರಿನಲ್ಲಾದರೆ ಇದಕ್ಕೆ ಅಲ್ಪಸ್ವಲ್ಪ ಕ್ಷಮೆಯಿರಬಹುದು. ಎರಡು ಚಕ್ರಗಳ ಮೇಲೆ ಅದೂ ಇಲ್ಲ.

1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಹದಿನೇಳು ಗಂಟೆಗಳ ಕಾಲ ಎಡೆಬಿಡದೆ ಎಚ್ಚರವಾಗಿದ್ದವನ ಕೈಕಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿದಿತ್ತು. ಇಪ್ಪತ್ತನಾಲ್ಕು ಗಂಟೆಗಳಾದಾಗ ಸುಮಾರು 0.10ರ ಮಟ್ಟಕ್ಕೆ ಕುಸಿದಿತ್ತು. ನಮ್ಮ ಮೋಟಾರು ವಾಹನ ಕಾಯಿದೆಯು 185ನೆಯ ಕಲಮಿನಲ್ಲಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಂ, ಎಂದರೆ ಶೇಕಡಾ 0.03ನ್ನು ಮೀರಿದ ಮದ್ಯಸಾರವನ್ನು ಅಪರಾಧವೆಂದು ಗಣಿಸುತ್ತದೆ. ಹಾಗಾದರೆ ಅಹೋರಾತ್ರಿ ನಿದ್ರಿಸದೆ ಪ್ರಮಾಣಪತ್ರಕ್ಕಾಗಿ ಕೊನೆಯ ನೂರು ಕಿಲೋಮೀಟರನ್ನು ಓಡಿಸುತ್ತಿರುವವನು, ಒಂದು ಹನಿ ಮದ್ಯವನ್ನೂ ಮುಟ್ಟದವನಾದರೂ, ಕಾಯಿದೆಯು ಸಹಿಸುವುದಕ್ಕಿಂತ ಮೂರು ಪಟ್ಟು ಹೆಚ್ಚು ಕುಡಿದವನ ಸ್ಥಿತಿಯಲ್ಲಿ ರಸ್ತೆಯ ಮೇಲಿರುತ್ತಾನೆ. ಬಸ್ಸಿನ ಡ್ರೈವರನಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಗೊತ್ತುಮಾಡಿತ್ತು. ಸ್ವಂತ ಬೈಕಿನ ಸವಾರನಿಗೆ ಅಂತಹ ಕಟ್ಟಳೆ ಯಾವುದೂ ಇಲ್ಲದಿರುವುದರಿಂದ ಅವನು ತನಗೆ ತಾನೇ ಕಟ್ಟಳೆಯಾಗಬೇಕು.

ಚಹ ಕಾಫಿಗಳಿಂದ ನಿದ್ದೆಯನ್ನು ಗೆಲ್ಲಬಹುದೆಂದು ನಂಬುವವರು ಬಹಳ ಮಂದಿ. ಕಾಫಿಯ ಗುಣವು ದೇಹಕ್ಕೆ ಹತ್ತಲು ಇಪ್ಪತ್ತು ಮೂವತ್ತು ನಿಮಿಷಗಳು ಬೇಕು. ಅದನ್ನು ಕುಡಿದು ಅಷ್ಟು ಹೊತ್ತು ಕಣ್ಣು ಮುಚ್ಚಿ ಒರಗಿದರೆ ಪ್ರಯೋಜನವುಂಟು, ಕುಡಿದ ಕೂಡಲೇ ಕಿಕ್ ಹೊಡೆದು ಹೊರಟರೆ ಇಲ್ಲ. ಅದೂ ಸಾಲವನ್ನು ಮುಂದಕ್ಕೆ ಹಾಕುವ ಉಪಾಯವೇ ಹೊರತು ತೀರಿಸುವ ಉಪಾಯವಲ್ಲ. ನಿದ್ದೆಯ ಜೊತೆಗೆ ನೀರಿನ ವಿಷಯವೂ ಇದೆ. ಚೈತ್ರ ವೈಶಾಖಗಳಲ್ಲಿ ನಮ್ಮ ಸೀಮೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿದಾಗ, ಎದುರುಗಾಳಿಯು ಬೆವರನ್ನು ಕ್ಷಣದಲ್ಲಿ ಒಣಗಿಸಿಬಿಡುವುದರಿಂದ, ತಾನು ಬೆವರುತ್ತಿರುವೆನೆಂಬ ಅರಿವೇ ಸವಾರನಿಗೆ ಆಗುವುದಿಲ್ಲ. ತಲೆನೋವು, ಕಾಲಿನ ಸೆಳೆತ, ಅಕಾರಣವಾದ ಸಿಡುಕು ಇವು ಕಾಣಿಸಿಕೊಳ್ಳುವ ಹೊತ್ತಿಗೆ ದೇಹವು ಬಹಳಷ್ಟು ನೀರನ್ನು ಕಳೆದುಕೊಂಡಿರುತ್ತದೆ. ಚಳಿಗಾಲದಲ್ಲಿ ಇದರ ವಿಪರ್ಯಾಸ. ರಾಜ್ಯದಲ್ಲಿಯೇ ಅತಿ ಕಡಿಮೆಯ ಉಷ್ಣತೆಯು ಬೀದರಿನಲ್ಲಿ ದಾಖಲಾಗುವ ರಾತ್ರಿಗಳಲ್ಲಿ ಬೆರಳುಗಳು ಮರಗಟ್ಟಿ ಬ್ರೇಕಿನ ಹಿಡಿಯನ್ನು ಹಿಡಿಯಲಾರದೆ ಹೋಗುತ್ತವೆ.

ಇನ್ನು ಲೆಕ್ಕದ ಮಾತು. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಹಲವು ರಾಜ್ಯಗಳು ಗಂಟೆಗೆ 70 ಮೈಲಿನ ವೇಗವನ್ನು ಅನುಮತಿಸುತ್ತವೆ. ಆ ವೇಗದಲ್ಲಿ 1,000 ಮೈಲನ್ನು ಕ್ರಮಿಸಲು ಹದಿನಾಲ್ಕೂಕಾಲು ಗಂಟೆ ಸಾಕು. ಪೆಟ್ರೋಲಿಗೂ ಊಟಕ್ಕೂ ಎರಡು ಮೂರು ಗಂಟೆಗಳನ್ನು ಕಳೆದರೂ, ದಾರಿಯ ಪಕ್ಕದ ವಸತಿಗೃಹದಲ್ಲಿ ಐದಾರು ಗಂಟೆ ಗಾಢವಾಗಿ ನಿದ್ರಿಸಿ ಎದ್ದು ಸವಾರಿಯನ್ನು ಮುಗಿಸಲು ಅಲ್ಲಿ ಅವಕಾಶವಿದೆ. ನಮ್ಮಲ್ಲಿ ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮೋಟಾರ್‌ಸೈಕಲ್ಲಿನ ಗರಿಷ್ಠ ವೇಗವು ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು, ಇತರ ರಸ್ತೆಗಳಲ್ಲಿ 60. ಅರೆಕ್ಷಣವೂ ವೇಗ ತಗ್ಗದಂತೆ 80ರಲ್ಲಿಯೇ ಓಡಿದರೂ 1,609 ಕಿಲೋಮೀಟರಿಗೆ ಇಪ್ಪತ್ತು ಗಂಟೆಗಳಿಗಿಂತ ಹೆಚ್ಚು ಬೇಕು. ಉಳಿಯುವ ನಾಲ್ಕು ಗಂಟೆಗಳೂ ಪೂರ್ತಿಯಾಗಿ ದೊರೆಯವು. ಟೋಲು, ಊರುಗಳು, ಹಂಪುಗಳು, ಕಾಮಗಾರಿಯ ಬದಲಿ ಹಾದಿಗಳು ಇವುಗಳಲ್ಲಿ ಹೋಗುವ ವೇಳೆಯನ್ನು ಲೆಕ್ಕಕ್ಕೆ ತಂದರೆ ಆ ನಾಲ್ಕು ಗಂಟೆಗಳೂ ಕರಗುತ್ತವೆ. 60ರ ಮಿತಿಯ ರಸ್ತೆಯಲ್ಲಾದರೆ ನಿಲ್ಲದೆ ಓಡಿದರೂ ಇಪ್ಪತ್ತಾರು ಗಂಟೆ ಮೀರುತ್ತದೆ. 24 ಗಂಟೆಗಳಲ್ಲಿ 2,414 ಕಿಲೋಮೀಟರಿನ ಪದವಿಯಂತೂ ಸರಾಸರಿಯಲ್ಲಿಯೇ 100 ಕಿಲೋಮೀಟರನ್ನು ಕೇಳುವುದರಿಂದ, ಭಾರತದ ರಸ್ತೆಯಲ್ಲಿ ಕಾಯಿದೆಯನ್ನು ಮುರಿಯದೆ ಅದನ್ನು ಸಾಧಿಸುವುದು ಗಣಿತಕ್ಕೇ ವಿರುದ್ಧ. ಅದೂ ಅಲ್ಲದೆ, ನಮ್ಮ ಅತ್ಯುತ್ತಮ ರಸ್ತೆಗಳಲ್ಲಿ ಕೆಲವಕ್ಕೆ ದ್ವಿಚಕ್ರವಾಹನಗಳಿಗೆ ಪ್ರವೇಶವೇ ಇಲ್ಲ; ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಇಲ್ಲ, 2023ರ ಆಗಸ್ಟ್ ತಿಂಗಳಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿಯೂ ಇಲ್ಲ. ಒಂದು ದೇಶದ ರಸ್ತೆಯ ಮೇಲೆ ನ್ಯಾಯವಾಗಿದ್ದ ಅಳತೆಯು ಇನ್ನೊಂದು ದೇಶದ ರಸ್ತೆಯ ಮೇಲೆ ನಿದ್ದೆಯನ್ನೂ ನಿಯಮವನ್ನೂ ಬಲಿಕೊಡೆಂದು ಕೇಳುವ ಅಳತೆಯಾಗಿ ಪರಿಣಮಿಸಿದೆ. ಇದನ್ನು ತಿಳಿದೂ ಅದೇ ಅಳತೆಗೆ ಅಂಟಿಕೊಂಡಿರುವುದು ನನಗೆ ಸರಿಕಾಣುವುದಿಲ್ಲ.

ಕಾಗದದ ಮೇಲಿನ ಲೆಕ್ಕವನ್ನು ಬಿಟ್ಟು ರಾತ್ರಿಯ ರಸ್ತೆಗೆ ಬರೋಣ. ಭಾಲ್ಕಿ ಹುಮನಾಬಾದಗಳ ಕಡೆ ಕಬ್ಬು ನುರಿಯುವ ಹಂಗಾಮಿನಲ್ಲಿ, ಹಿಂದೆ ಕೆಂಪು ದೀಪವಿರಲಿ ಒಂದು ಹೊಳೆಯುವ ಪಟ್ಟಿಯೂ ಇಲ್ಲದ, ಎರಡೆರಡು ಟ್ರಾಲಿಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕತ್ತಲಲ್ಲಿ ಸಾಲಾಗಿ ಚಲಿಸುತ್ತವೆ. ಪಕ್ಕಕ್ಕೆ ಚಾಚಿಕೊಂಡ ಕಬ್ಬಿನ ತುದಿಗಳು ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಾಗ ಸ್ವಲ್ಪವೂ ಕಾಣಿಸವು. ರಾಶಿಯ ಕಾಲದಲ್ಲಿ ತೊಗರಿ, ಸೋಯಾಗಳನ್ನು ರಸ್ತೆಯ ಅಂಚಿನಲ್ಲಿಯೇ ಹರವಿರುವುದುಂಟು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ದನಗಳು ಬೆಚ್ಚಗೆ ಮಲಗಿರುವುದುಂಟು. ಮಳೆಗಾಲದಲ್ಲಿ ಹೊಲದ ಎರೆಮಣ್ಣು ಚಕ್ರಗಳೊಡನೆ ರಸ್ತೆಗೆ ಬಂದು, ಒಂದು ಹನಿ ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಹಗಲಿನಲ್ಲಿ, ನಿದ್ದೆಯಾದ ಕಣ್ಣಿಗೆ ಇವು ಯಾವುವೂ ದೊಡ್ಡ ಅಪಾಯಗಳಲ್ಲ. ರಾತ್ರಿಯ ಮಾತೇ ಬೇರೆ. 2021ರ ಜನವರಿಯಲ್ಲಿ, ಹಲವು ಖಂಡಗಳನ್ನು ಸುತ್ತಿಬಂದಿದ್ದ ಬೆಂಗಳೂರಿನ ಖ್ಯಾತ ಸವಾರರೊಬ್ಬರು ಜೈಸಲ್ಮೇರಿನ ಸಮೀಪದಲ್ಲಿ ರಾತ್ರಿಯ ಹೊತ್ತು ಒಂಟೆಯೊಂದು ಅಡ್ಡಬಂದು ಪ್ರಾಣವನ್ನು ಕಳೆದುಕೊಂಡರು. ಅನುಭವವೂ ಒಳ್ಳೆಯ ಬೈಕೂ ಅವರಿಗೆ ಕಡಿಮೆಯಿರಲಿಲ್ಲ. ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಮಂದಿ ದ್ವಿಚಕ್ರವಾಹನಗಳ ಮೇಲಿದ್ದವರು.

ವಾಹನದ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿಗಳನ್ನು ಹತ್ತಿ ಕನ್ನಡಿಗರು ದೂರದ ಊರುಗಳನ್ನು ನೋಡಿಬಂದ ಕಾಲವೊಂದಿತ್ತು. ಪ್ಲಗ್ಗು, ಕ್ಲಚ್ ಕೇಬಲ್ಲು, ಪಂಕ್ಚರ್ ಸಾಮಾನುಗಳಿಲ್ಲದೆ ಆಗ ಯಾರೂ ಹೊರಡುತ್ತಿರಲಿಲ್ಲ. ಇಂದಿನ ಬೈಕುಗಳು ಸಣ್ಣವಾದರೂ ನಂಬಿಕಸ್ಥ. ಟೈರಿನ ಗಾಳಿ, ಚೈನಿನ ಬಿಗಿತ ಮತ್ತು ಎಣ್ಣೆ, ಬ್ರೇಕಿನ ಪ್ಯಾಡುಗಳು ಇವಿಷ್ಟನ್ನು ನೋಡಿಕೊಂಡರೆ ಅವು ಸವಾರನನ್ನು ಕೈಬಿಡುವುದು ಅಪೂರ್ವ.

ಈ ಹವ್ಯಾಸವನ್ನು ಸಮರ್ಥಿಸುವವರ ಮಾತನ್ನು ನ್ಯಾಯವಾಗಿ ಕೇಳಬೇಕು. ತನ್ನ ಮಿತಿಯನ್ನು ತಾನೇ ಕಂಡುಕೊಳ್ಳುವುದು, ವಾರಗಟ್ಟಲೆ ಪೂರ್ವಸಿದ್ಧತೆ ಮಾಡುವುದು, ಪ್ರತಿಯೊಂದು ನಿಲುಗಡೆಯನ್ನೂ ನಿಮಿಷದ ಲೆಕ್ಕದಲ್ಲಿ ಯೋಚಿಸುವುದು, ಏಕಾಂತದಲ್ಲಿ ಮನಸ್ಸನ್ನು ಸ್ಥಿರವಾಗಿಟ್ಟುಕೊಳ್ಳುವುದು ಇವೆಲ್ಲವೂ ನಿಜವಾದ ಗುಣಗಳೇ. ಅಮೆರಿಕದ ಆ ಸಂಸ್ಥೆಯೂ ತನ್ನ ಸವಾರರಿಗೆ ವೇಗದ ಗೀಳನ್ನು ಬಿಡಬೇಕೆಂದೂ, ತಮ್ಮ ಮಿತಿಯನ್ನರಿತು ಯೋಜನೆ ಹಾಕಬೇಕೆಂದೂ, ದಣಿದಾಗ ನಿಲ್ಲಬೇಕೆಂದೂ ಉಪದೇಶಿಸುತ್ತದೆ. ಉಪದೇಶ ಸರಿಯಾದುದೇ, ಆದರೆ ನಮ್ಮ ರಸ್ತೆಯ ಮೇಲೆ ಆ ಉಪದೇಶವನ್ನು ಪಾಲಿಸಿದವನಿಗೆ ಪ್ರಮಾಣಪತ್ರವು ದೊರೆಯಲಾರದು, ಪ್ರಮಾಣಪತ್ರವನ್ನು ಪಡೆದವನು ಉಪದೇಶವನ್ನು ಪಾಲಿಸಿರಲಾರನು.

ಪರಮಾವಧಿಯ ವೇಗ ಮತ್ತು ದೂರಗಳನ್ನು ಒಟ್ಟಿಗೆ ಪರೀಕ್ಷಿಸಲೇಬೇಕೆಂಬವರಿಗೆ ಬೇರೆ ಸ್ಥಳಗಳಿವೆ. 2017ರಲ್ಲಿ ಕಾರ್ಲ್ ರೀಸ್ ಎಂಬ ಅಮೆರಿಕದ ಸವಾರನು 24 ಗಂಟೆಗಳಲ್ಲಿ 3,400 ಕಿಲೋಮೀಟರುಗಳನ್ನು ಮೀರಿ ಓಡಿಸಿದುದು ಟೈರು ಕಂಪನಿಯೊಂದರ ಮುಚ್ಚಿದ ಪರೀಕ್ಷಾಪಥದಲ್ಲಿ, ಜನಸಂಚಾರದ ನಡುವೆ ಅಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ, ಎರಡು ವಾರಗಳ ಕಾಲ ಮರುಭೂಮಿ ಪರ್ವತಗಳ ಮೇಲೆ ನಡೆಯುವ ಡಾಕಾರ್ ರ‍್ಯಾಲಿಯನ್ನು 36ನೆಯವರಾಗಿ ಪೂರೈಸಿ, ಅದನ್ನು ಮುಗಿಸಿದ ಮೊದಲನೆಯ ಭಾರತೀಯರಾದರು. ಅಲ್ಲಿಯೂ ಪ್ರತಿ ರಾತ್ರಿ ಬಿಡಾರವಿರುತ್ತದೆ, ಆಕಾಶದಲ್ಲಿ ವೈದ್ಯರ ಹೆಲಿಕಾಪ್ಟರ್ ಇರುತ್ತದೆ. 2021ರಲ್ಲಿ ಸೌದಿ ಅರೇಬಿಯದಲ್ಲಿ ಬಿದ್ದು ತಲೆಗೆ ಪೆಟ್ಟಾದಾಗ ಅವರು ಬದುಕಿ ಬರಲು ಸಾಧ್ಯವಾದುದು ಇಂತಹ ಏರ್ಪಾಟುಗಳಿದ್ದುದರಿಂದ. 2019ರಲ್ಲಿ ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸೆ ಮಹಿಳೆಯರ ಬಾಹಾ ರ‍್ಯಾಲಿಗಳ ವಿಶ್ವಕಪ್ಪನ್ನು ಗೆದ್ದುದೂ ಇಂತಹ ಕಟ್ಟುಪಾಡಿನ ಕಣದಲ್ಲಿಯೇ.

ಇದಕ್ಕಿಂತ ನನಗೆ ಹೆಚ್ಚು ಪ್ರಿಯವಾದುದು, ಗಡಿಯಾರವನ್ನು ಬದಿಗಿಟ್ಟು ದೂರವನ್ನೇ ನೆಚ್ಚಿ ಹೊರಟವರ ಸಾಲು. ಇಂಗ್ಲೆಂಡಿನ ಟೆಡ್ ಸೈಮನ್ 1973ರಿಂದ 1977ರವರೆಗೆ ಟ್ರಯಂಫ್ ಬೈಕಿನಲ್ಲಿ ಪ್ರಪಂಚವನ್ನು ಸುತ್ತುವಾಗ ಭಾರತವನ್ನೂ ಕಂಡನು. ಅರ್ಜೆಂಟೀನದ ಎಮಿಲಿಯೋ ಸ್ಕಾಟೋ ಹತ್ತು ವರ್ಷಗಳಲ್ಲಿ 7,35,000 ಕಿಲೋಮೀಟರು ಓಡಿಸಿದನು. ವಿಶಾಖಪಟ್ಟಣದ ಭರದ್ವಾಜ ದಯಾಳ ಒಂದು ಸಾಮಾನ್ಯ ಕರಿಜ್ಮಾ ಬೈಕಿನಲ್ಲಿ ಒಂಟಿಯಾಗಿ ಜಗತ್ತನ್ನು ಸುತ್ತಿಬಂದರು. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಹೊರಟು ಆಸ್ಟ್ರೇಲಿಯದ ಸಿಡ್ನಿಯವರೆಗೆ ತಿಂಗಳುಗಟ್ಟಲೆ ಸವಾರಿ ಮಾಡಿದರು. ಇವರಲ್ಲಿ ಯಾರೂ ಒಂದು ರಾತ್ರಿಯ ನಿದ್ದೆಯನ್ನು ಪಣವಾಗಿಟ್ಟು ಹೆಸರು ಪಡೆದವರಲ್ಲ. ಸಹನಶಕ್ತಿಯೆಂಬುದು ದಿನವೂ ಮಲಗಿ, ದಿನವೂ ಎದ್ದು, ಮತ್ತೆ ಸೀಟನ್ನು ಏರುವುದರಲ್ಲಿ ಕಾಣತಕ್ಕ ಗುಣವಾದರೆ, ಈ ಮಾರ್ಗವೇ ಅದರ ರಾಜಮಾರ್ಗವೆಂದು ನಾನು ತಿಳಿಯುತ್ತೇನೆ.

ಆದುದರಿಂದ ದೀರ್ಘದೂರದ ಸವಾರಿಗೆ ನಮ್ಮ ದೇಶದ ರಸ್ತೆಗೂ ಕಾಯಿದೆಗೂ ಹೊಂದುವ ಅಳತೆಯೊಂದನ್ನು ನಮ್ಮವರೇ ನಿರ್ಮಿಸಿಕೊಳ್ಳಬೇಕು. 1,600 ಕಿಲೋಮೀಟರಿಗೆ 48 ಗಂಟೆ. ಅದರೊಳಗೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬೈಕು ಚಲಿಸಿದರೆ ಸವಾರಿಯೇ ಅಸಿಂಧು. ಸರಾಸರಿ ವೇಗವು ಮಿತಿಯನ್ನು ಮೀರಿದ್ದರೂ ಅಸಿಂಧು. ಬಂಕಿನ ರಸೀದಿಯಂತೆಯೇ ತಂಗಿದ ಸ್ಥಳದ ರಸೀದಿಯೂ ಕಡ್ಡಾಯ. ರಾಜ್ಯದ ಬೈಕು ಕ್ಲಬ್ಬುಗಳು ಮನಸ್ಸು ಮಾಡಿದರೆ ಇದು ಒಂದು ವರ್ಷದ ಕೆಲಸವೂ ಅಲ್ಲ. ಸಾಕ್ಷಿ, ರಸೀದಿ, ನಕ್ಷೆಗಳ ಪದ್ಧತಿಯನ್ನು ಐರನ್ ಬಟ್ ಸಂಸ್ಥೆಯಿಂದ ಯಥಾವತ್ತಾಗಿ ತೆಗೆದುಕೊಳ್ಳಬಹುದು. ಗಡಿಯಾರವನ್ನು ಮಾತ್ರ ಬದಲಿಸಬೇಕು.

ತಂಗುವ ಸ್ಥಳಗಳ ವಿಷಯದಲ್ಲಿ ನಮ್ಮ ಸೀಮೆಯು ಬಡವಾದುದಲ್ಲ. ನಾಂದೇಡಿನ ಹಜೂರ್ ಸಾಹಿಬ್, ಬೀದರಿನ ಗುರುನಾನಕ್ ಝರಾ ಎಂಬ ಸಿಖ್ಖರ ಗುರುದ್ವಾರಗಳ ನಡುವೆ ಪಂಜಾಬಿನ ಯಾತ್ರಿಕರು ಔರಾದ ಸಂತಪುರಗಳ ಹಾದಿಯಲ್ಲಿಯೇ ಹೋಗಿಬರುತ್ತಾರೆ. ಝರಾದ ಲಂಗರಿನಲ್ಲಿ ಜಾತಿಮತಗಳನ್ನು ಕೇಳದೆ ಊಟ ಬಡಿಸುತ್ತಾರೆ. ಹೆದ್ದಾರಿಯ ಢಾಬಾಗಳಲ್ಲಿ ಲಾರಿಯ ಡ್ರೈವರರಿಗಾಗಿ ಹಾಕಿದ ನುಲಿಯ ಮಂಚಗಳ ಮೇಲೆ ಬೈಕಿನ ಸವಾರನೂ ಒರಗಬಹುದು. ಹೆದ್ದಾರಿಯ ಅಧಿಕಾರಿಗಳು ಬೀದರ್, ಕಲಬುರಗಿ, ವಿಜಯಪುರಗಳ ನಡುವೆ ನೀರು, ಶೌಚಾಲಯ, ಮಲಗಲು ಒಂದು ನೆರಳು ಇಷ್ಟಿರುವ ವಿಶ್ರಾಂತಿಸ್ಥಾನಗಳನ್ನು ಕ್ಲುಪ್ತವಾದ ಅಂತರದಲ್ಲಿ ಏರ್ಪಡಿಸಬೇಕು. ಸಕ್ಕರೆ ಕಾರ್ಖಾನೆಗಳು ಹಂಗಾಮು ಆರಂಭವಾಗುವ ಮುನ್ನ ಪ್ರತಿಯೊಂದು ಟ್ರಾಲಿಗೂ ಹೊಳೆಯುವ ಪಟ್ಟಿ ಹಚ್ಚಿಸದೆ ಕಬ್ಬನ್ನು ತೂಗಬಾರದು. ಬೀದರ್, ಭಾಲ್ಕಿ, ಔರಾದಗಳ ತರುಣರಲ್ಲಿ ನನ್ನ ವಿನಂತಿಯೊಂದೇ: ದೂರಕ್ಕೆ ಹೋಗಿರಿ, ಚಿತ್ರದುರ್ಗಕ್ಕೂ ಕನ್ಯಾಕುಮಾರಿಗೂ ಅದರಾಚೆಗೂ ಹೋಗಿರಿ, ಹೊರಡುವ ಹಿಂದಿನ ರಾತ್ರಿ ಏಳು ಗಂಟೆ ಮಲಗಿರಿ, ದಾರಿಯಲ್ಲಿ ಕತ್ತಲಾದ ಊರಿನಲ್ಲಿ ಬೈಕನ್ನು ನಿಲ್ಲಿಸಿರಿ, ಎಲ್ಲಿ ತಂಗಿದ್ದೀರೆಂದು ಮನೆಗೆ ಫೋನು ಮಾಡಿರಿ.